ಘಟ್ಟ ಇಳಿಯುವಾಗ ಬೆಂಗಳೂರಿನಲ್ಲಿ ಹರಿದ ನೀರು

ಯಶವಂತಪುರದಿಂದ ಮಂಗಳೂರಿಗೆ ಹಗಲಿನಲ್ಲಿ ಓಡುವ ರೈಲಿಗೆ ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿ ಜೋಡಿಸಿದ್ದು 2021ರ ಜುಲೈಯಲ್ಲಿ. ಅಂದಿನಿಂದ ಸಕಲೇಶಪುರ–ಸುಬ್ರಹ್ಮಣ್ಯ ಘಟ್ಟ ನೋಡುವುದಕ್ಕೆಂದೇ ಟಿಕೆಟ್ ಮಾಡಿಸುವವರಿದ್ದಾರೆ. ನಾನು ಹೊರಟಿದ್ದು ಸೆಪ್ಟೆಂಬರಿನಲ್ಲಿ, ಮಳೆ ಇನ್ನೂ ಪೂರ್ತಿ ಹಿಂದೆ ಸರಿಯದ ಹೊತ್ತಿನಲ್ಲಿ. ಘಟ್ಟವನ್ನು ಕಣ್ತುಂಬ ನೋಡುವ ಆಸೆ ಇತ್ತು, ಮುಗಿಸಬೇಕಾದ ಕೆಲಸವೂ ಇತ್ತು. ಆ ಕೆಲಸವೂ ಇದೇ ಘಟ್ಟದ್ದಾಗಿತ್ತು.

ನನ್ನ ಕಸುಬು ನೀರಿನ ದಾರಿ ಹುಡುಕುವುದು. ಗುಡ್ಡದ ಮೇಲೆ ಬಿದ್ದ ಮಳೆ ಯಾವ ಮಗ್ಗುಲಿಗೆ ಇಳಿಯುತ್ತದೆ, ಎಲ್ಲಿ ಕೂಡಿಕೊಳ್ಳುತ್ತದೆ, ಯಾವ ಇಳಿಜಾರಿನ ಮಣ್ಣು ಆ ನೀರಿನ ಭಾರ ತಾಳಲಾರದು ಎಂಬುದನ್ನು ನಕ್ಷೆಯ ಮೇಲೆ ಗುರುತಿಸುವುದು. ಈ ಘಟ್ಟದ ಪಾಲಿಗೆ ಅದು ಬರೀ ಲೆಕ್ಕದ ಮಾತಲ್ಲ. 2018ರ ಮಳೆಗಾಲದಲ್ಲಿ ಇಲ್ಲಿ ಗುಡ್ಡ ಕುಸಿದು ವಾರಗಟ್ಟಲೆ ರೈಲು ನಿಂತಿತ್ತು. 2024ರ ಜುಲೈ ಕೊನೆಯಲ್ಲಿ ಕಡಗರವಳ್ಳಿ ಮತ್ತು ಯಡಕುಮರಿ ನಡುವೆ ಹಳಿಯ ಬುಡದ ಮಣ್ಣೇ ಜಾರಿತು. ಸುರಿಯುವ ಮಳೆಯಲ್ಲಿ ನೂರಾರು ಕೆಲಸಗಾರರು ಕಲ್ಲು, ಮರಳು ಮೂಟೆ ಹಾಕಿ ದಾರಿಯನ್ನು ಮತ್ತೆ ಕಟ್ಟಿದರು. ಅವರು ಕಟ್ಟಿದ ದಾರಿಯ ಮೇಲೇ ನಾವು ಹೋಗುವುದು ಎಂಬುದನ್ನು ನಾನು ಮರೆಯುವುದಿಲ್ಲ.

ನಕ್ಷೆಗೆ ಬೇಕಾದ ಎತ್ತರದ ಅಳತೆ ಬಂದದ್ದು ಆಕಾಶದಿಂದ. 2000ನೇ ಇಸವಿಯ ಫೆಬ್ರುವರಿಯಲ್ಲಿ ಎಂಡೆವರ್ ನೌಕೆ ಹನ್ನೊಂದು ದಿನ ಭೂಮಿಯನ್ನು ಸುತ್ತಿತು. ಒಂದು ರೇಡಾರ್ ಆಂಟೆನಾ ಅದರ ಒಡಲಿನಲ್ಲಿತ್ತು, ಇನ್ನೊಂದು 60 ಮೀಟರ್ ಉದ್ದಕ್ಕೆ ಹೊರಚಾಚಿದ ಕಂಬದ ತುದಿಯಲ್ಲಿ. ಎರಡಕ್ಕೂ ಮರಳಿ ಬಂದ ಅಲೆಗಳ ಸಣ್ಣ ವ್ಯತ್ಯಾಸದಿಂದ ನೆಲದ ಎತ್ತರ ತಿಳಿಯಿತು. ಹೀಗೆ ಸುಮಾರು ಮೂವತ್ತು ಮೀಟರಿಗೊಂದರಂತೆ ಸಿಕ್ಕ ಎತ್ತರಗಳನ್ನು ಕರ್ನಾಟಕದ ಇಡೀ ಪಶ್ಚಿಮ ಘಟ್ಟಕ್ಕೆ ಹರಡಿದರೆ ಕೋಟಿಗಟ್ಟಲೆ ಚೌಕಗಳಾಗುತ್ತವೆ. ನನ್ನ ತೆಳು ಲ್ಯಾಪ್‌ಟಾಪು ಅಷ್ಟನ್ನು ಹೊರಲಾರದು. ಹೊರುವ ಕಂಪ್ಯೂಟರ್ ಬೆಂಗಳೂರಿನ ಆಫೀಸಿನ ಮೂಲೆಯಲ್ಲಿದೆ. ಹಗಲೂ ರಾತ್ರಿ ಚಾಲೂ ಇರುತ್ತದೆ, ಅದಕ್ಕೆ ಮಾನಿಟರ್ ಕೂಡ ಇಲ್ಲ.

ಹಾಸನ ದಾಟಿದ ಮೇಲೆ ಲ್ಯಾಪ್‌ಟಾಪ್ ತೆರೆದೆ. ಮೊಬೈಲಿನಿಂದ ಇಂಟರ್ನೆಟ್ ಕೊಟ್ಟು, ಎಕ್ಸ್‌ಪ್ರಾ ಎಂಬ ತಂತ್ರಾಂಶಕ್ಕೆ ಆಫೀಸಿನ ಕಂಪ್ಯೂಟರಿನ ಹೆಸರು ಹೇಳಿ 'ಅಟ್ಯಾಚ್' ಎಂದು ಟೈಪ್ ಮಾಡಿದೆ. ನಾಲ್ಕೈದು ಉಸಿರಿನಷ್ಟು ಹೊತ್ತು ಏನೂ ಇಲ್ಲ. ಆಮೇಲೆ ಒಂದೊಂದಾಗಿ ಬಂದವು. ಮೊದಲು ನಕ್ಷೆಯ ತಂತ್ರಾಂಶವಾದ ಕ್ಯೂಜಿಐಎಸ್‌ನ ದೊಡ್ಡ ನಕ್ಷೆ, ಅದರ ಪಕ್ಕ ಪದರಗಳ ಪಟ್ಟಿ, ಕೊನೆಗೆ ಆಜ್ಞೆ ಬರೆಯುವ ಕಪ್ಪು ಚೌಕ. ಹಿಂದಿನ ರಾತ್ರಿ ಆಫೀಸಿನಿಂದ ಹೊರಡುವ ಅವಸರದಲ್ಲಿ ಒಂದು ಪದರಕ್ಕೆ ಹೆಸರು ಬರೆಯುತ್ತಾ ಅರ್ಧಕ್ಕೇ ಬಿಟ್ಟಿದ್ದೆ. ಅದು ಹಾಗೆಯೇ ಇತ್ತು. ಬಿಟ್ಟ ಅಕ್ಷರದ ಮುಂದೆ ಕರ್ಸರ್ ಇನ್ನೂ ಮಿನುಗುತ್ತಿತ್ತು. ರಾತ್ರಿಯೆಲ್ಲ ಯಾರೂ ನೋಡದೆ, ಮಾನಿಟರ್ ಇಲ್ಲದ ಆ ಕಂಪ್ಯೂಟರಿನೊಳಗೆ ಅದು ಮಿನುಗುತ್ತಲೇ ಇತ್ತು ಎಂದು ನೆನೆದರೆ ನನಗೆ ಈಗಲೂ ಮೈ ಝುಮ್ಮೆನ್ನುತ್ತದೆ.

ನಕ್ಷೆಯನ್ನು ಗುಂಡ್ಯದ ಕಡೆಗೆ ಎಳೆದೆ. ಬೆಟ್ಟದ ಗೆರೆಗಳು ಮೊದಲು ಮಸುಕಾಗಿ, ನೀರಲ್ಲಿ ನೆನೆದ ಕಾಗದದ ಮೇಲಿನ ಶಾಯಿಯಂತೆ ಬಂದವು. ಕೈ ನಿಲ್ಲಿಸಿದ ಮರುಕ್ಷಣ ಗೆರೆ ಗೆರೆಯೂ ಸ್ಪಷ್ಟವಾಯಿತು. ಎಕ್ಸ್‌ಪ್ರಾದ ಜಾಣತನ ಇಲ್ಲಿದೆ. ನಾವು ಚಿತ್ರವನ್ನು ಸರಿಸುತ್ತಿರುವಾಗ ಅದು ಹಗುರವಾದ, ಸ್ವಲ್ಪ ಕೆಟ್ಟ ಚಿತ್ರ ಕಳಿಸುತ್ತದೆ. ನಿಂತು ನೋಡತೊಡಗಿದೊಡನೆ ಅದೇ ಜಾಗದ ಚೊಕ್ಕ ಚಿತ್ರ ಕಳಿಸುತ್ತದೆ. ದಾರಿ ಇಕ್ಕಟ್ಟಾದಷ್ಟೂ ಕಡಿಮೆ ಕಳಿಸುತ್ತದೆ, ತೆರವಾದರೆ ಹೆಚ್ಚು. ಯಾವ ಭಾಗ ಬದಲಾಗಿದೆಯೋ ಅಷ್ಟನ್ನು ಮಾತ್ರ.

ಪಕ್ಕದ ಸೀಟಿನಲ್ಲಿ ಪುತ್ತೂರಿನ ಕಡೆಯ ಹಿರಿಯರೊಬ್ಬರಿದ್ದರು. ಬೆಂಗಳೂರಿನಲ್ಲಿ ಮಗಳ ಮನೆಗೆ ಬಂದು ಮರಳುತ್ತಿದ್ದವರು. ಬಹಳ ಹೊತ್ತಿನಿಂದ ನನ್ನ ಪರದೆಯನ್ನೇ ನೋಡುತ್ತಿದ್ದವರು ಕೊನೆಗೆ ಕೇಳಿಯೇಬಿಟ್ಟರು.

"ಅದೆಂತದು, ನಮ್ಮ ಗುಂಡ್ಯ ಹೊಳೆಯಾ?"

"ಹೌದು, ಅದೇ."

"ಅಷ್ಟೆಲ್ಲ ಇದರೊಳಗೆ ಉಂಟಾ?"

"ಇದರೊಳಗೆ ಇಲ್ಲ. ಬೆಂಗಳೂರಿನ ಆಫೀಸಿನ ಕಂಪ್ಯೂಟರಿನಲ್ಲಿದೆ. ಇಲ್ಲಿ ಕಾಣಿಸುತ್ತದೆ ಅಷ್ಟೇ."

"ಮತ್ತೆ ನೀವು ಇಲ್ಲಿ ಒತ್ತುವುದು?"

"ಒತ್ತಿದ್ದೂ ಅಲ್ಲಿಗೇ ಹೋಗುತ್ತದೆ."

ಅವರು ಒಂದು ಕ್ಷಣ ಸುಮ್ಮನಿದ್ದು, ಬೆರಳು ಚಾಚಿ ಕುಮಾರಧಾರೆಯ ಒಂದು ತಿರುವನ್ನು ತೋರಿಸಿದರು. "ಇಲ್ಲಿಂದ ಸ್ವಲ್ಪ ಮೇಲೆ ನಮ್ಮ ತೋಟ" ಎಂದರು. ಬೆರಳಿಟ್ಟ ಜಾಗವನ್ನು ದೊಡ್ಡದು ಮಾಡಿದೆ. ಆ ಬೆರಳಿನ ಆಸೆ ಬೆಂಗಳೂರಿಗೆ ಹೋಗಿ, ಅಲ್ಲಿ ಚಿತ್ರವಾಗಿ, ಚಲಿಸುವ ರೈಲಿಗೆ ಮರಳಿ ಬಂದದ್ದು ಅವರಿಗೆ ಗೊತ್ತಾಗಲಿಲ್ಲ. ತೋಟದ ಪಕ್ಕದ ತೋಡಿನ ತಗ್ಗು ಕಂಡಿತು, ಅದು ಸರಿಯಾಗಿದೆಯೆಂದು ತಲೆಯಾಡಿಸಿದರು.

ಹೀಗೆ ಒಂದು ಯಂತ್ರದ ಕೆಲಸವನ್ನು ಇನ್ನೊಂದರ ಪರದೆಯಲ್ಲಿ ಕಾಣುವ ಕನಸು ಹಳೆಯದು. ಅಮೆರಿಕದ ಎಂಐಟಿಯಲ್ಲಿ 1983ರಲ್ಲಿ ಅಥೀನಾ ಎಂಬ ಯೋಜನೆ ಶುರುವಾಯಿತು. ಕ್ಯಾಂಪಸ್ಸಿನ ತುಂಬ ಬೇರೆ ಬೇರೆ ಕಂಪನಿಗಳ ಕಂಪ್ಯೂಟರುಗಳು. ವಿದ್ಯಾರ್ಥಿ ಯಾವುದರ ಮುಂದೆ ಕೂತರೂ ತನ್ನ ಕೆಲಸ ಎದುರಿಗಿರಬೇಕು. 1984ರ ಜೂನ್‌ನಲ್ಲಿ ಬಾಬ್ ಶೈಫ್ಲರ್ ತಾನು ಬರೆದ ಹೊಸ ವ್ಯವಸ್ಥೆಯನ್ನು ಸಹೋದ್ಯೋಗಿಗಳಿಗೆ ತಿಳಿಸಿದರು. ಜಿಮ್ ಗೆಟಿಸ್ ಜೊತೆಗೂಡಿ ಬೆಳೆಸಿದ ಅದರ ಹೆಸರು ಎಕ್ಸ್. ಹನ್ನೊಂದನೆಯ ಆವೃತ್ತಿ 1987ರ ಸೆಪ್ಟೆಂಬರಿನಲ್ಲಿ ಬಂತು, ಇವತ್ತಿಗೂ ಬಳಕೆಯಲ್ಲಿರುವುದು ಅದೇ ಹನ್ನೊಂದು. ಎಕ್ಸ್‌ನ ಮೂಲ ವಿಚಾರ ಅಷ್ಟು ಗಟ್ಟಿಯಾಗಿತ್ತು. ಚಿತ್ರ ಬರೆಸುವ ಪ್ರೋಗ್ರಾಮು ಬೇರೆ, ಬರೆಯುವ ಪರದೆ ಬೇರೆ. ಇವೆರಡೂ ಒಂದೇ ಮೇಜಿನ ಮೇಲಿರಬೇಕಾಗಿಲ್ಲ. 'ಇಲ್ಲಿಂದ ಅಲ್ಲಿಗೆ ಗೆರೆ ಎಳೆ, ಈ ಅಕ್ಷರ ಬರೆ' ಎಂದು ಪ್ರೋಗ್ರಾಮು ದೂರದಿಂದ ಹೇಳುತ್ತದೆ, ಪರದೆ ಬರೆಯುತ್ತದೆ, ಕೀಲಿ ಒತ್ತಿದ್ದನ್ನು, ಮೌಸ್ ಸರಿದದ್ದನ್ನು ಪರದೆ ತಿರುಗಿ ತಿಳಿಸುತ್ತದೆ. 1995ರಲ್ಲಿ ಫಿನ್ಲೆಂಡಿನ ತಾತು ಯ್ಲೋನೆನ್ ಎಸ್‌ಎಸ್‌ಎಚ್ ಎಂಬ ತಂತ್ರಾಂಶ ಬರೆದ ಮೇಲೆ ಈ ಮಾತುಕತೆ ಬೇರೆ ಯಾರಿಗೂ ತಿಳಿಯದ ಗುಟ್ಟಿನ ದಾರಿಯಲ್ಲಿ ಸಾಗುವಂತಾಯಿತು.

ಆದರೆ ಕ್ಯಾಂಪಸ್ಸಿನ ತಂತಿಯ ಮೇಲೆ ಹುಟ್ಟಿದ ವ್ಯವಸ್ಥೆ ಅದು. ರೈಲಿನಲ್ಲಿ ಕೂತವರಿಗೆ ಎರಡು ಕಡೆ ಪೆಟ್ಟು. ಒಂದು ಮೆನು ತೆರೆಯಲು ಪ್ರೋಗ್ರಾಮು ಪರದೆಯನ್ನು ಹತ್ತಾರು ಸಲ ಕೇಳಿ ಉತ್ತರಕ್ಕೆ ಕಾಯುತ್ತದೆ. ತಂತಿಯ ಮೇಲೆ ಅದು ತಿಳಿಯುವುದೇ ಇಲ್ಲ, ಮೊಬೈಲ್ ಸಿಗ್ನಲಿನಲ್ಲಿ ಪ್ರತಿ ಉತ್ತರಕ್ಕೂ ತಡ. ಎರಡನೆಯದು ಇನ್ನೂ ಕಠಿಣ. ಸಂಪರ್ಕ ಕಡಿಯಿತೆಂದರೆ ಪ್ರೋಗ್ರಾಮೇ ಸಾಯುತ್ತದೆ. ಅದು ಬರೆಸಿದ್ದೆಲ್ಲ ಪರದೆಯ ಕಡೆಯಲ್ಲಿರುವುದರಿಂದ, ಪರದೆ ಹೋದಮೇಲೆ ಅದಕ್ಕೆ ನಿಲ್ಲಲು ನೆಲವಿಲ್ಲ. ಅಕ್ಷರ ಮಾತ್ರ ತೋರಿಸುವ ಪ್ರೋಗ್ರಾಮುಗಳಿಗೆ ಈ ಗಂಡಾಂತರದಿಂದ ಬಿಡುಗಡೆ 1987ರಷ್ಟು ಹಿಂದೆಯೇ ಸಿಕ್ಕಿತ್ತು. ಬರ್ಲಿನ್ನಿನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ 'ಸ್ಕ್ರೀನ್' ಎಂಬ ತಂತ್ರಾಂಶದಲ್ಲಿ ಕೆಲಸವನ್ನು ನಡೆಯಲು ಬಿಟ್ಟು ಎದ್ದು ಹೋಗಬಹುದು, ನಾಳೆ ಬೇರೆ ಊರಿನಿಂದ ಮತ್ತೆ ಹಿಡಿಯಬಹುದು. ಚಿತ್ರವಿರುವ ಪ್ರೋಗ್ರಾಮುಗಳಿಗೂ ಅದೇ ಸ್ವಾತಂತ್ರ್ಯ ಬೇಕೆಂದು ನಥಾನಿಯಲ್ ಸ್ಮಿತ್ ಬರೆಯಲು ತೊಡಗಿದ್ದು ಎಕ್ಸ್‌ಪ್ರಾ. ಆಮೇಲೆ ಅದನ್ನು ಆಂಟ್ವಾನ್ ಮಾರ್ಟಿನ್ ವರ್ಷಗಟ್ಟಲೆ ಬೆಳೆಸಿ ಕಾಪಾಡಿಕೊಂಡು ಬಂದಿದ್ದಾರೆ. ದುಡ್ಡಿಲ್ಲದೆ ಸಿಗುವ ಇಂಥ ತಂತ್ರಾಂಶದ ಹಿಂದೆ ಒಬ್ಬರ ಇಷ್ಟು ದೀರ್ಘ ದುಡಿಮೆ ಇರುತ್ತದೆಂಬುದು ನನಗೆ ತಂತ್ರಕ್ಕಿಂತ ದೊಡ್ಡ ಅಚ್ಚರಿ.

ಅದು ಮಾಡುವ ಉಪಾಯ ಕೇಳಿದರೆ ಸರಳ. ಮಾನಿಟರ್ ಇಲ್ಲದ ಆಫೀಸಿನ ಕಂಪ್ಯೂಟರಿನಲ್ಲಿ, ಜ್ಞಾಪಕಕೋಶದೊಳಗೇ, ಒಂದು ಪರದೆಯನ್ನು ಹುಟ್ಟಿಸುತ್ತದೆ. ನನ್ನದಕ್ಕೆ ನೂರನೇ ನಂಬರು ಕೊಟ್ಟಿದ್ದೇನೆ. ಯಾವ ಕಣ್ಣಿಗೂ ಕಾಣದ ಆ ಪರದೆಯ ಮೇಲೆ ಕ್ಯೂಜಿಐಎಸ್ ನಿಶ್ಚಿಂತೆಯಿಂದ ಬರೆಯುತ್ತಿರುತ್ತದೆ. ಅದರ ಮಟ್ಟಿಗೆ ಪರದೆ ಯಾವತ್ತೂ ಇದ್ದೇ ಇದೆ. ಎಕ್ಸ್‌ಪ್ರಾ ಪಕ್ಕದಲ್ಲಿ ನಿಂತು, ಎಲ್ಲಿ ಬಣ್ಣ ಬದಲಾಯಿತೋ ಆ ತುಣುಕನ್ನಷ್ಟೇ ಕತ್ತರಿಸಿ, ಅದುಮಿ, ನಾನಿರುವಲ್ಲಿಗೆ ಕಳಿಸುತ್ತದೆ. ಇಡೀ ಡೆಸ್ಕ್‌ಟಾಪನ್ನು ಒಂದು ಚೌಕಟ್ಟಿನೊಳಗೆ ತೋರಿಸುವ ವಿಎನ್‌ಸಿಯಂಥ ಸಾಧನಗಳೂ ಇವೆ, ಒಳ್ಳೆಯವೇ. ಇದರಲ್ಲಿ ಮಾತ್ರ ದೂರದ ನಕ್ಷೆ ನನ್ನ ಲ್ಯಾಪ್‌ಟಾಪಿನ ಸ್ವಂತ ಪ್ರೋಗ್ರಾಮುಗಳ ನಡುವೆ, ಇಲ್ಲಿಯದೇ ಎಂಬಂತೆ ಬಂದು ಕೂರುತ್ತದೆ. ಇಲ್ಲಿ ಕಾಪಿ ಮಾಡಿದ್ದನ್ನು ಅಲ್ಲಿ ಅಂಟಿಸಬಹುದು.

ಸಕಲೇಶಪುರದಲ್ಲಿ ಹೇಮಾವತಿ ತುಂಬಿ ಹರಿಯುತ್ತಿತ್ತು. ಈ ನೀರು ಕಾವೇರಿ ಸೇರಿ ಬಂಗಾಳ ಕೊಲ್ಲಿಗೆ ಹೋಗುವಂಥದ್ದು. ಇನ್ನು ಸ್ವಲ್ಪ ಮುಂದೆ ಬೀಳುವ ಮಳೆ ಕೆಂಪುಹೊಳೆಗೋ ಎತ್ತಿನಹೊಳೆಗೋ ಇಳಿದು, ಗುಂಡ್ಯ ಹೊಳೆಯಾಗಿ, ಕುಮಾರಧಾರೆ, ನೇತ್ರಾವತಿಗಳ ಮೂಲಕ ಅರಬ್ಬಿ ಸಮುದ್ರ ಸೇರುವಂಥದ್ದು. ಬಿಸಿಲೆಯ ಬಳಿ ಮಂಕನಹಳ್ಳಿಯ ದಿಣ್ಣೆಯ ಮೇಲೆ ಎರಡು ಕಡಲಿನ ಹೆಸರು ಕೆತ್ತಿದ ಹಳೆಯ ಕಲ್ಲೊಂದಿದೆ. ಈ ಪಕ್ಕ ಬಿದ್ದ ಹನಿ ಒಂದು ಕಡಲಿಗೆ, ಆ ಪಕ್ಕದ್ದು ಇನ್ನೊಂದಕ್ಕೆ. ಅಂಥ ಕಲ್ಲಿಲ್ಲದ ಕಡೆಯೆಲ್ಲ ಆ ಗೆರೆಯನ್ನು ಲೆಕ್ಕದಿಂದ ಹುಡುಕಬೇಕು.

ಲೆಕ್ಕದ ವಿಧಾನವನ್ನು ಓ'ಕ್ಯಾಲಹನ್ ಮತ್ತು ಮಾರ್ಕ್ ಎಂಬಿಬ್ಬರು ಪ್ರಕಟಿಸಿದ್ದು, ಎಕ್ಸ್ ಹುಟ್ಟಿದ ಅದೇ 1984ರಲ್ಲಿ. ಪ್ರತಿ ಚೌಕವೂ ತನ್ನ ಸುತ್ತಲಿನ ಎಂಟು ಚೌಕಗಳನ್ನು ನೋಡಿ, ಎಲ್ಲಕ್ಕಿಂತ ಕಡಿದಾಗಿ ತಗ್ಗಿರುವ ಕಡೆಗೆ ತನ್ನ ನೀರನ್ನು ಕೊಡುತ್ತದೆ. ಅಷ್ಟೇ ನಿಯಮ. ಈ ಒಂದು ನಿಯಮವನ್ನು ಕೋಟಿಗಟ್ಟಲೆ ಚೌಕಗಳು ಪಾಲಿಸಿದಾಗ ತೋಡು, ಹಳ್ಳ, ಹೊಳೆ, ನದಿ ಎಲ್ಲವೂ ತಾವಾಗಿ ಮೂಡುತ್ತವೆ. ನದಿ ಎಲ್ಲಿದೆಯೆಂದು ಯಾರೂ ಕಂಪ್ಯೂಟರಿಗೆ ಹೇಳಿರುವುದಿಲ್ಲ.

ಗಾಡಿ ಸಕಲೇಶಪುರದಲ್ಲಿ ನಿಂತಿದ್ದಾಗಲೇ ಆ ಲೆಕ್ಕ ಶುರುಮಾಡಿದೆ. ಮೊದಲು ನಕ್ಷೆಯಲ್ಲಿನ ಸುಳ್ಳು ಗುಂಡಿಗಳನ್ನು ತುಂಬಬೇಕು, ಆಮೇಲೆ ದಿಕ್ಕು, ಆಮೇಲೆ ನೀರಿನ ಕೂಡಿಕೆ. ಗಂಟೆಗೂ ಮೀರಿದ ಕೆಲಸ. ಪ್ರಗತಿ ತೋರಿಸುವ ಪಟ್ಟಿ ನೂರಕ್ಕೆ ನಾಲ್ಕು ಎನ್ನುವಷ್ಟರಲ್ಲಿ ಗಾಡಿ ಹೊರಟಿತು. ದೋಣಿಗಲ್ ಹತ್ತಿರ ಬರುವಾಗ ಸಿಗ್ನಲ್ ಕುಂಟತೊಡಗಿತು. ನಕ್ಷೆಯ ಮೇಲೆ ಮಬ್ಬು ಕವಿದು, ನಡುವೆ ಒಂದು ಚಕ್ರ ತಿರುಗತೊಡಗಿತು. ಇನ್ನೊಂದು ಕಮರಿಯ ತಿರುವು. ನಕ್ಷೆ, ಪಟ್ಟಿ, ಕಪ್ಪು ಚೌಕ ಎಲ್ಲವೂ ಪರದೆಯಿಂದ ಮಾಯವಾದವು.

"ಹೋಯ್ತಲ್ಲ! ಮಾಡಿದ್ದೆಲ್ಲ ಹೋಯ್ತಾ?" ಹಿರಿಯರಿಗೆ ನನಗಿಂತ ಹೆಚ್ಚು ಗಾಬರಿ.

"ಇಲ್ಲ, ಅಲ್ಲಿ ನಡೀತಾ ಇದೆ. ನಮಗೆ ಕಾಣುವುದು ಮಾತ್ರ ನಿಂತದ್ದು."

ಅವರು ಯೋಚಿಸಿ ಹೇಳಿದರು: "ಹಾಗಾದರೆ ನಮ್ಮ ತೋಟದ ಪಂಪಿನ ಹಾಗೆಯೇ. ಮೊಬೈಲಿನಲ್ಲಿ ಆನ್ ಮಾಡುವುದು. ಮತ್ತೆ ನನ್ನ ಮೊಬೈಲಿಗೆ ರೇಂಜ್ ಇಲ್ಲ ಅಂತ ಪಂಪು ನಿಲ್ಲುವುದುಂಟಾ?"

ಇಷ್ಟು ಚೆನ್ನಾಗಿ ನನಗೆ ಯಾರೂ ವಿವರಿಸಿರಲಿಲ್ಲ.

ಲ್ಯಾಪ್‌ಟಾಪ್ ಮುಚ್ಚಿ ಗಾಜಿನ ಕಡೆ ತಿರುಗಿದೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ 55 ಕಿಲೋಮೀಟರ್, 57 ಸುರಂಗ. ಐವತ್ತು ಅಡಿ ಮುಂದೆ ಹೋದರೆ ಒಂದು ಅಡಿ ಇಳಿಯುವಷ್ಟು ಕಡಿದು. ರೈಲಿಗೆ ಇದು ದೊಡ್ಡ ಇಳಿಜಾರು, ಹಾಗಾಗಿ ಗಾಡಿ ಬ್ರೇಕಿನ ಮೇಲೆ ಕೈಯಿಟ್ಟುಕೊಂಡೇ ನಿಧಾನಕ್ಕೆ ಇಳಿಯುತ್ತದೆ. 1979ರಲ್ಲಿ ಮೀಟರ್‌ಗೇಜಿಗೆಂದು ತೆರೆದ ಈ ದಾರಿ ಬ್ರಾಡ್‌ಗೇಜ್ ಆಗಿ ಪ್ರಯಾಣಿಕರ ಗಾಡಿ ಮತ್ತೆ ಓಡಿದ್ದು 2007ರ ಡಿಸೆಂಬರಿನಲ್ಲಿ. ಒಂದು ಸುರಂಗದ ಕತ್ತಲೆ ಮುಗಿದು ಬೆಳಕು ಬರುತ್ತಿದ್ದಂತೆ ಕೆಳಗೆ ನೇರ ಕಮರಿ, ಅದರ ಮೇಲೆ ಸೇತುವೆ, ಸೇತುವೆ ಮುಗಿಯುವ ಮೊದಲೇ ಮತ್ತೆ ಕತ್ತಲೆ. ಮಕ್ಕಳು ಪ್ರತಿ ಸುರಂಗಕ್ಕೂ ಕೂಗು ಹಾಕುತ್ತಿದ್ದರು. ಬಂಡೆಯ ಮೇಲಿಂದ ಬಿಳಿ ನೀರು ನೂಲಿನಂತೆ ಜಾರಿ, ಹಳಿಯ ಅಡಿಯ ಮೋರಿಯಲ್ಲಿ ನುಗ್ಗಿ, ಆಚೆ ಬದಿಗೆ ಬಿದ್ದು ಕಾಡಿನೊಳಗೆ ಹೋಗುತ್ತಿತ್ತು.

ಆ ಮೋರಿಗಳನ್ನು ನೋಡುತ್ತಿದ್ದಾಗ ನನಗೆ ಹೊಳೆಯಿತು. ಈಗ ಇದೇ ಹೊತ್ತಿಗೆ, ಬೆಂಗಳೂರಿನಲ್ಲಿ, ಇದೇ ಬೆಟ್ಟದ ಇದೇ ಇಳಿಜಾರಿನಲ್ಲಿ ಲೆಕ್ಕದ ನೀರು ಹರಿಯುತ್ತಿದೆ. ಚೌಕದಿಂದ ಚೌಕಕ್ಕೆ, ಕಾಣದ ನೂರನೇ ಪರದೆಯ ಮೇಲೆ, ಪ್ರಗತಿಯ ಪಟ್ಟಿ ಅಂಗುಲ ಅಂಗುಲವಾಗಿ ಮುಂದೆ ಸರಿಯುತ್ತಿದೆ. ಒಂದೇ ಘಟ್ಟವನ್ನು ನಾವು ಇಬ್ಬರೂ ಇಳಿಯುತ್ತಿದ್ದೇವೆ. ನಡುವೆ ಒಂದು ಎಳೆಯ ಸಂಪರ್ಕವೂ ಇಲ್ಲ. ಆದರೂ ನನಗೆ ಆ ಕೆಲಸದ ಬಗ್ಗೆ ಚಿಂತೆ ಹುಟ್ಟಲಿಲ್ಲ. ಕೆಲಸಕ್ಕೆ ಅದರದೇ ಜಾಗ ಸಿಕ್ಕಿರುವುದರಿಂದ ನನಗೆ ನನ್ನ ಕಣ್ಣುಗಳು ಮರಳಿ ಸಿಕ್ಕಿದ್ದವು. ಜಗತ್ತಿನ ಇಷ್ಟು ಚೆಲುವಾದ ಒಂದು ಇಳಿಜಾರಿನ ಮೇಲೆ, ಪರದೆಯನ್ನು ಕಾಯುತ್ತಾ ಕೂರಬೇಕಾದ ಶಿಕ್ಷೆ ನನಗಿರಲಿಲ್ಲ.

ಕಡಗರವಳ್ಳಿ ದಾಟಿದ ಮೇಲೆ ಒಂದು ಕಡೆ ಇಳಿಜಾರಿಗೆ ಆನಿಸಿ ಕಟ್ಟಿದ ಕಲ್ಲಿನ ಗೋಡೆಗಳು ಕಂಡವು, ತಂತಿಯ ಬಲೆಯೊಳಗೆ ಬಿಗಿದ ಕಲ್ಲು. ಹಸಿರು ಇನ್ನೂ ಅವನ್ನು ಮುಚ್ಚಿರಲಿಲ್ಲ. ಬೋಗಿಯಲ್ಲಿ ಮಾತು ತಗ್ಗಿತು. ಗಾಡಿ ಯಡಕುಮರಿಯಲ್ಲಿ ಎದುರಿನ ಗೂಡ್ಸ್ ಗಾಡಿಗಾಗಿ ನಿಂತಾಗ ಗಡಿಯಾರ ನೋಡಿ ಪುಸ್ತಕದಲ್ಲಿ ಸಮಯ ಬರೆದುಕೊಂಡೆ. ಸುತ್ತ ಕಾಡು, ಜೀರುಂಡೆಯ ಸದ್ದು, ಫೋನಿನಲ್ಲಿ ಒಂದು ಗೆರೆಯ ಸಿಗ್ನಲ್ಲೂ ಇಲ್ಲ.

ಸಿರಿಬಾಗಿಲು ಕಳೆದು, ಅಡಿಕೆ ತೋಟ ಕಾಣಿಸಿ, ಬೆವರು ಶುರುವಾಗಿ, ಗಾಡಿ ಸುಬ್ರಹ್ಮಣ್ಯ ರೋಡ್ ತಲುಪಿತು. ನೆಟ್ಟಣದ ಈ ನಿಲ್ದಾಣದಲ್ಲಿ ಫೋನು ಒಮ್ಮೆಲೇ ಗಿಜಿಗಿಜಿ ಎಂದಿತು. ಲ್ಯಾಪ್‌ಟಾಪ್ ತೆರೆದು ಮತ್ತೆ 'ಅಟ್ಯಾಚ್' ಎಂದೆ. ಹಿರಿಯರು ಕನ್ನಡಕ ಸರಿಮಾಡಿಕೊಂಡು ಬಾಗಿದರು.

ನಕ್ಷೆ ಬಂತು. ಹಿಂದೆ ಬೂದು ಬೆಟ್ಟಗಳಷ್ಟೇ ಇದ್ದ ಜಾಗದಲ್ಲಿ ಈಗ ನೀಲಿ ನರಗಳ ಬಲೆ ಹರಡಿತ್ತು. ಕೆಂಪುಹೊಳೆ, ಅಡ್ಡಹೊಳೆ, ಗುಂಡ್ಯ, ಅವುಗಳಿಗೆ ಬಂದು ಸೇರುವ ಹೆಸರಿಲ್ಲದ ಸಾವಿರ ತೋಡುಗಳು, ಈಗಷ್ಟೇ ನಾವು ದಾಟಿ ಬಂದ ಕಮರಿಗಳು. ಕಪ್ಪು ಚೌಕದ ಕೊನೆಯ ಸಾಲು ಕೆಲಸ ಮುಗಿದ ಹೊತ್ತನ್ನು ಹೇಳುತ್ತಿತ್ತು. ಪುಸ್ತಕದಲ್ಲಿ ಬರೆದ ಸಮಯದ ಪಕ್ಕ ಇಟ್ಟು ನೋಡಿದೆ. ಗಾಡಿ ಯಡಕುಮರಿಯಲ್ಲಿ ನಿಂತಿದ್ದ ಆ ಹೊತ್ತಿನೊಳಗೇ ಬೆಂಗಳೂರಿನಲ್ಲಿ ಕೊನೆಯ ಚೌಕದ ನೀರು ಕಡಲು ಸೇರಿತ್ತು.

"ತೋಡು ಬಂತಾ?" ಎಂದರು ಹಿರಿಯರು. ಅವರ ತೋಟದ ಕಡೆ ಹೋದೆವು. ಒಂದಲ್ಲ, ಎರಡು ತೋಡು ಬಂದಿದ್ದವು. "ಎರಡನೆಯದು ನನ್ನ ಅಪ್ಪನ ಕಾಲದ್ದು, ಮಾರಾಯ್ರೆ. ಮುಚ್ಚಿ ಐವತ್ತು ವರ್ಷ ಆಯ್ತು. ಜೋರು ಮಳೆಗೆ ಮಾತ್ರ ಅಲ್ಲಿ ಈಗಲೂ ನೀರು ಏಳ್ತದೆ." ಕಬಕ ಪುತ್ತೂರಿನಲ್ಲಿ ಇಳಿಯುವವರೆಗೂ ಅವರು ಆ ಗೆರೆಯ ಬಗ್ಗೆಯೇ ಮಾತಾಡಿದರು, ನಾನು ಬರೆದುಕೊಂಡೆ. ಮಣ್ಣು ಮುಚ್ಚಿದರೂ ತಗ್ಗು ಉಳಿದಿತ್ತು, ಅದನ್ನು ನೌಕೆಯ ರೇಡಾರ್ ಹಿಡಿದಿತ್ತು. ಅಂಥ ಕಡೆ ಮನೆ ಕಟ್ಟುವವರಿಗೆ, ಗುಡ್ಡ ಕಡಿದು ರಸ್ತೆ ಮಾಡುವವರಿಗೆ ಈ ಗೆರೆ ಗೊತ್ತಿರಬೇಕು ಎಂಬುದೇ ನನ್ನ ಇಡೀ ಕೆಲಸದ ಹಿಂದಿನ ತಳಮಳ.

ಮಂಗಳೂರಿನಲ್ಲಿ ಉಳಿದದ್ದು ಅಣ್ಣನ ಮನೆಯಲ್ಲಿ. ಅವನ ಮಗಳ ಓದಿನ ಮೇಜಿನ ಮೇಲೆ ಅಗಲವಾದ ಮಾನಿಟರಿತ್ತು. ಎಕ್ಸ್‌ಪ್ರಾ ಬರೀ ಬ್ರೌಸರಿನಲ್ಲೂ ತೆರೆದುಕೊಳ್ಳುತ್ತದೆ, ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಲ್ಯಾಪ್‌ಟಾಪಿನಲ್ಲಿ ಬಿಟ್ಟ ನಕ್ಷೆಯನ್ನು, ಬಿಟ್ಟ ಜಾಗದಲ್ಲೇ, ಅಲ್ಲಿ ಹಿಡಿದೆ. "ಅತ್ತೆ, ಇದು ನನ್ನ ಕಂಪ್ಯೂಟರಿನೊಳಗೆ ಯಾವಾಗ ಬಂತು?" ಎಂದು ಕೇಳಿದಳು. ಬಂದಿಲ್ಲ ಎಂದೆ. ಅವಳು ನೆಟ್ ಬಿಡಿಸಿದಳು, ನಕ್ಷೆ ಹೋಯಿತು, ಜೋಡಿಸಿದಳು, ಬಂತು. ಊಟಕ್ಕೆ ಕರೆಯುವವರೆಗೂ ಅದೇ ಆಟ.

ಮರುದಿನ ಉಪ್ಪಿನಂಗಡಿಗೆ ಹೋದೆ. ಸಹಸ್ರಲಿಂಗೇಶ್ವರ ದೇವಸ್ಥಾನದ ಬಳಿ ನೇತ್ರಾವತಿಗೆ ಕುಮಾರಧಾರೆ ಸೇರುವ ಸಂಗಮ. ಎರಡು ನೀರಿನ ಬಣ್ಣವೂ ಆ ದಿನ ಬೇರೆಯಾಗಿತ್ತು. ಒಂದು ಕೆಂಪಗೆ, ಒಂದು ತಿಳಿ. ಬಹಳ ದೂರದವರೆಗೆ ಅವು ಬೆರೆಯದೆ ಪಕ್ಕ ಪಕ್ಕ ಹರಿಯುತ್ತಿದ್ದವು. ಮೆಟ್ಟಿಲ ಮೇಲೆ ಕೂತು ಫೋನಿನಲ್ಲಿ ನಾನಿರುವ ಸ್ಥಾನ ನೋಡಿಕೊಂಡು, ಲ್ಯಾಪ್‌ಟಾಪಿನಲ್ಲಿ ನಕ್ಷೆ ತೆರೆದೆ. ಲೆಕ್ಕದ ಸಂಗಮ ನಿಜದ ಸಂಗಮಕ್ಕಿಂತ ತುಸು ಕೆಳಗೆ ಬಿದ್ದಿತ್ತು. ದಡದ ದಟ್ಟ ಮರಗಳಿರುವಲ್ಲಿ ರೇಡಾರ್ ಅಳೆದದ್ದು ನೆಲವನ್ನಷ್ಟೇ ಅಲ್ಲ, ಎಲೆಗಳ ಎತ್ತರವೂ ಅದರಲ್ಲಿ ಸೇರಿರುತ್ತದೆ. ಕಣ್ಣೆದುರಿನ ಹೊಳೆಯ ನಿಜವಾದ ಗೆರೆಯನ್ನು ನಕ್ಷೆಯ ಮೇಲೆ ಎಳೆದು, ಆ ಗೆರೆಯುದ್ದಕ್ಕೂ ಎತ್ತರವನ್ನು ತಗ್ಗಿಸಿ, ನೀರು ಇಲ್ಲಿಯೇ ಹರಿಯಲಿ ಎಂದು ಕಂಪ್ಯೂಟರಿಗೆ ಹೇಳಿದೆ. ಲೆಕ್ಕ ಮೊದಲಿಂದ ಶುರುವಾಯಿತು. ಪಟ್ಟಿ ನೂರಕ್ಕೆ ಒಂದು ಎಂದಾಗ ಸಂಪರ್ಕ ಬಿಡಿಸಿ, ಪುತ್ತೂರಿನ ಬಸ್ಸು ಹಿಡಿದೆ. ಆ ಮುಚ್ಚಿದ ತೋಡನ್ನು ನೋಡಲು ಬರುತ್ತೇನೆಂದು ಹಿರಿಯರಿಗೆ ಮಾತು ಕೊಟ್ಟಿದ್ದೆ.